ಜೀವದಯೆ ಮತ್ತು ಜೀವಿಗಳ ಪರಸ್ಪರಾವಲಂಬನೆ

(ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)

 

ಪುರಾತನ ಕೊಪಣ ತೀರ್ಥದ ಈ ನಾಡಿನಲ್ಲಿ ನೂತನ ಜಿನಬಿಂಬದ ಪ್ರತಿಷ್ಠೆ ನೆರವೇರುತ್ತಿರುವ ಶುಭಾವಸರದಲ್ಲಿ ನಾಲ್ಕು ಮಾತುಗಳನ್ನಾಡಲು ಸಮಿತಿಯವರು ನನಗೆ ಅಪ್ಪಣೆ ಕೊಟ್ಟಿದ್ದಾರೆ. ನಾನು ಪಂಡಿತನಲ್ಲ, ಮೆಟ್ರಿಕ್‌ವರೆಗೆ ಓದಿ, ಕಾಳುಕಡಿಯ ವ್ಯಾಪಾರದಲ್ಲಿ ಆಯುಷ್ಯ ಕಳೆದವನು. ಆದುದರಿಂದ ಶಾಸ್ತ್ರವಿಚಾರವನ್ನು ಬಲ್ಲವರಿಗೆ ಬಿಟ್ಟು, ನಮ್ಮ ಸುತ್ತಲಿನ ಬಯಲಿನಲ್ಲಿ ಜೀವಿಗಳು ಒಂದಕ್ಕೊಂದು ಹೇಗೆ ಆಧಾರವಾಗಿವೆ, ಅದರಿಂದ ನಮ್ಮ ಜೀವದಯೆ ಕಲಿಯಬೇಕಾದುದೇನು ಎಂಬುದನ್ನಷ್ಟೇ ಅರಿಕೆ ಮಾಡಿಕೊಳ್ಳುತ್ತೇನೆ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಜೀವಗಳ ಪರಸ್ಪರ ಉಪಕಾರದ ಮಾತನ್ನು ಹೇಳಿದ್ದಾರೆ. ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವದ ಸಂದರ್ಭದಲ್ಲಿ, 1974–75ರಲ್ಲಿ, ಎಲ್ಲ ಪಂಥಗಳೂ ಒಪ್ಪಿದ ಜೈನ ಲಾಂಛನದ ಕೆಳಗೆ ಇರುವುದೂ ಅದೇ ಸೂತ್ರ. ನಮ್ಮ ಲಗ್ನಪತ್ರಿಕೆಗಳ ಮೇಲೂ ಅದನ್ನು ಅಚ್ಚು ಹಾಕಿಸುತ್ತೇವೆ. ಆದರೆ ಅದರ ಅರ್ಥವನ್ನು ಹೊಲಮಾಳಗಳಲ್ಲಿ ಕಣ್ಣಾರೆ ನೋಡುವವರು ವಿರಳ.

ನಮ್ಮದು ಮಳೆ ಕಡಿಮೆಯ ನಾಡು. ಗಂಗಾವತಿಯ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಭತ್ತದ ಗದ್ದೆಗಳು ಹಸುರಾಗಿದ್ದರೂ, ಯಲಬುರ್ಗಾದ ಎರೆಹೊಲಗಳೂ ಕುಷ್ಟಗಿಯ ಮಸಾರಿ ನೆಲವೂ ಬಹುಮಟ್ಟಿಗೆ ಮುಗಿಲನ್ನೇ ನಂಬಿವೆ. ಇವುಗಳ ನಡುನಡುವೆ ಕುರುಚಲು ಗುಡ್ಡಗಳೂ ಹುಲ್ಲುಗಾವಲುಗಳೂ ಇವೆ. ಅಂಥ ನೆಲವನ್ನು ನಾವು ಬಂಜರು ಎಂದು ಕರೆದು ಸುಮ್ಮನಾಗುತ್ತೇವೆ. ವಾಸ್ತವದಲ್ಲಿ ಅಲ್ಲಿ ದೊಡ್ಡದೊಂದು ಸಂಸಾರವೇ ನಡೆದಿದೆ. ಹುಲ್ಲಿನ ಬೇರು ಮಣ್ಣನ್ನು ಹಿಡಿದು ಮಳೆಯ ನೀರನ್ನು ಇಂಗಿಸುತ್ತದೆ. ಆ ಹುಲ್ಲನ್ನು ಚಿಗರಿಯೂ ಕುರಿಯೂ ಮೇಯುತ್ತವೆ. ಅವುಗಳ ಹಿಕ್ಕೆಯನ್ನು ಸಗಣಿಹುಳುಗಳು ನೆಲದೊಳಗೆ ಸೇರಿಸಿ ಮಣ್ಣಿಗೆ ಸತ್ವ ಕೊಡುತ್ತವೆ; ಆ ಸತ್ವದಿಂದ ಮರಳಿ ಹುಲ್ಲು ಚಿಗುರುತ್ತದೆ. ಸುಗ್ಗಿಯ ನಂತರ ರೈತರು ಕುರಿಹಿಂಡನ್ನು ಹೊಲದಲ್ಲಿ ರಾತ್ರಿ ನಿಲ್ಲಿಸಿಕೊಳ್ಳುವುದೂ ಈ ಗೊಬ್ಬರಕ್ಕಾಗಿಯೇ. ಅಂಥ ಹೊಲದ ಜೋಳ, ಕಡಲೆಗಳೇ ನಮ್ಮ ಅಂಗಡಿಗಳಿಗೆ ಬರುತ್ತವೆ. ಅಂದಮೇಲೆ ಏಕೇಂದ್ರಿಯವಾದ ಹುಲ್ಲಿನಿಂದ ಹಿಡಿದು ವ್ಯಾಪಾರಿಯ ತಕ್ಕಡಿಯವರೆಗೆ ಒಂದೇ ಸರಪಳಿ.

ಈ ಸರಪಳಿಯಲ್ಲಿ ತೋಳಕ್ಕೂ ಸ್ಥಾನವಿದೆ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಸುಮಾರು 332 ಹೆಕ್ಟೇರ್ ಪ್ರದೇಶವನ್ನು ಸರ್ಕಾರವು ತೋಳಗಳಿಗಾಗಿ ವನ್ಯಜೀವಿಧಾಮವೆಂದು ಘೋಷಿಸಿರುವುದು ತಮಗೆ ತಿಳಿದಿದೆ. ಭಾರತದಲ್ಲಿ ಉಳಿದಿರುವ ತೋಳಗಳು ಸುಮಾರು 3,000 ಮಾತ್ರ ಎಂದು ತಜ್ಞರ ಅಂದಾಜು. ತೋಳವು ಇಲಿ, ಮೊಲ, ಚಿಗರಿಗಳನ್ನು ತಿಂದು ಬದುಕುವ ಪ್ರಾಣಿ. ಅದರ ಭಯವಿರುವಲ್ಲಿ ಮೇಯುವ ಪ್ರಾಣಿಗಳು ಒಂದೇ ಕಡೆ ನಿಂತು ಹುಲ್ಲನ್ನು ಬೇರುಸಹಿತ ಸವೆಸುವುದಿಲ್ಲ. ರೋಗಿಷ್ಠ ಪ್ರಾಣಿಗಳು ಹಿಂಡಿನಲ್ಲಿ ಬಹುಕಾಲ ಉಳಿಯುವುದಿಲ್ಲ.

“ಕೊಂದು ತಿನ್ನುವ ಪ್ರಾಣಿಯನ್ನು ರಕ್ಷಿಸುವುದು ಅಹಿಂಸೆಯೇ?” ಎಂದು ನಮ್ಮಲ್ಲಿ ಕೆಲವರು ಕೇಳುತ್ತಾರೆ. ಪ್ರಶ್ನೆ ಸಹಜವಾದುದೇ. ಸಮವಸರಣದಲ್ಲಿ ಸಿಂಹವೂ ಹಸುವೂ ವೈರ ಮರೆತು ಕುಳಿತ ಚಿತ್ರವನ್ನು ನಾವು ಬಾಲ್ಯದಿಂದಲೂ ಕಂಡಿದ್ದೇವೆ. ಅದು ಭಗವಂತರ ಸನ್ನಿಧಿಯ ಮಹಿಮೆ. ಮಾಳದ ಮೇಲಿನ ತೋಳಕ್ಕೆ ಆಹಾರವನ್ನು ಆಯ್ದುಕೊಳ್ಳುವ ಅನುಕೂಲವಿಲ್ಲ, ನಮಗಿದೆ. ಆದುದರಿಂದ ವ್ರತದ ಹೊಣೆ ಮೊದಲು ನಮ್ಮದು. ಮಹಾವೀರರ ಜೀವವೇ ಪೂರ್ವಭವವೊಂದರಲ್ಲಿ ಸಿಂಹವಾಗಿತ್ತೆಂದು ಪುರಾಣಗಳು ಹೇಳುವಾಗ, ಯಾವ ಪ್ರಾಣಿಯನ್ನು ತಾನೇ ನಾವು ದುಷ್ಟವೆಂದು ತಳ್ಳಿಹಾಕಬಹುದು?

ಆದರೆ ಮರಿಯನ್ನು ಕಳೆದುಕೊಂಡ ಕುರಿಗಾರನ ದುಃಖವೂ ಸುಳ್ಳಲ್ಲ. ತೋಳ ಉಳಿಯಬೇಕೆಂದು ನಾವು ಸಭೆಯಲ್ಲಿ ಹೇಳಿ, ಅದರ ನಷ್ಟವನ್ನು ಆ ಬಡವನ ಹೆಗಲ ಮೇಲೆ ಮಾತ್ರ ಹೊರಿಸಿದರೆ ಅದು ದಯೆಯಾಗದು.

ಅರಿವಿಲ್ಲದ ದಯೆಯಿಂದ ಆಗುವ ಅನರ್ಥಕ್ಕೆ ರಣಹದ್ದಿನ ಕಥೆಯೇ ಸಾಕ್ಷಿ. ದನಗಳ ನೋವು ಶಮನವಾಗಲೆಂದು ಡೈಕ್ಲೋಫೆನಾಕ್ ಎಂಬ ಔಷಧವನ್ನು ದೇಶದಾದ್ಯಂತ ಕೊಡುತ್ತಿದ್ದರು. ಚಿಕಿತ್ಸೆ ಪಡೆದು ಸತ್ತ ದನದ ದೇಹವನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. 1990ರ ದಶಕದಿಂದ ಆರಂಭಿಸಿ ಕೆಲವೇ ವರ್ಷಗಳಲ್ಲಿ ಬಿಳಿಬೆನ್ನಿನ ರಣಹದ್ದು ನೂರಕ್ಕೆ 99ಕ್ಕೂ ಹೆಚ್ಚು ಭಾಗ ನಾಶವಾಯಿತು. ಕಾರಣ ಗೊತ್ತಾದುದು 2004ರಲ್ಲಿ. ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿದುದು 2006ರಲ್ಲಿ. ಅಷ್ಟರೊಳಗೆ ಹೊಲೆಸು ತೆಗೆಯುವ ಹಕ್ಕಿಯಿಲ್ಲದೆ ಹೆಣಗಳು ಕೊಳೆತು, ಅವನ್ನು ತಿನ್ನುವ ಬೀದಿನಾಯಿಗಳು ಹೆಚ್ಚಿದವು. ಔಷಧ ಕೊಟ್ಟವರ ಮನಸ್ಸಿನಲ್ಲಿ ಕರುಣೆಯೇ ಇತ್ತು. ಹಸುವಿನ ಆಚೆಗೆ ಯಾವ ಜೀವವಿದೆ ಎಂಬ ತಿಳಿವಳಿಕೆ ಇರಲಿಲ್ಲ.

ಆದಕಾರಣ ಸಮಾಜಬಾಂಧವರಲ್ಲಿ ನನ್ನ ವಿನಂತಿ ಮೂರು. ಗೋಶಾಲೆ, ಪಾಂಜರಪೋಳಗಳಿಗೆ ದಾನ ಕೊಡುವವರು, ಅಲ್ಲಿ ನೋವಿಗೆ ಯಾವ ಔಷಧ ಬಳಸುತ್ತಾರೆಂದು ಒಮ್ಮೆ ಕೇಳಿರಿ. ಮೆಲಾಕ್ಸಿಕಾಮ್ ಎಂಬುದು ರಣಹದ್ದುಗಳಿಗೆ ಅಪಾಯವಿಲ್ಲದ ಔಷಧ. ತೋಳದಿಂದ ಕುರಿ ಕಳೆದುಕೊಂಡವರಿಗೆ ಅರಣ್ಯ ಇಲಾಖೆಯ ಪರಿಹಾರ ಸಿಗುವಂತೆ ಅರ್ಜಿ ಬರೆದುಕೊಡಿರಿ. ಓದುಬರಹ ಬಲ್ಲ ನಮ್ಮ ತರುಣರು ಈ ಸೇವೆಯನ್ನು ಸುಲಭವಾಗಿ ಮಾಡಬಲ್ಲರು. ಕೊನೆಯದಾಗಿ, ನಮ್ಮಲ್ಲಿ ಭೂಮಿ ಕೊಳ್ಳುವವರೂ ಮಾರುವವರೂ ಇದ್ದಾರೆ. ಬಂಜರೆಂಬ ಹೆಸರಿನ ಮಾಳವನ್ನು ನಿವೇಶನಕ್ಕೋ ಕಾರಖಾನೆಗೋ ಗಾಳಿಯಂತ್ರಕ್ಕೋ ಕೊಡಿಸುವ ಮುನ್ನ ಅಲ್ಲಿ ಯಾರು ಯಾರು ವಾಸವಾಗಿದ್ದಾರೆಂದು ವಿಚಾರಿಸಿರಿ. ಇರುವೆಗೆ ಸಕ್ಕರೆ ಹಾಕುವ ಕೈ ಸಾವಿರಾರು ಜೀವಗಳ ನೆಲೆಯನ್ನೇ ಕೀಳುವ ಕರಾರಿಗೆ ಸಹಿ ಹಾಕಬಾರದು.