ಬಿಚ್ಚಿ ಜೋಡಿಸುವ ಕಾವಲು ಅಟ್ಟಣೆ



ಚಾಮರಾಜನಗರ, ಗುಂಡ್ಲುಪೇಟೆಗಳ ಕಾಡಂಚಿನ ಹೊಲಗಳಲ್ಲಿ ಜೋಳ ತೆನೆಗಟ್ಟಿತೆಂದರೆ ರೈತನಿಗೆ ರಾತ್ರಿ ನಿದ್ದೆಯಿಲ್ಲ. ಹಂದಿ ಕಾಯಲು ಪ್ರತಿ ವರ್ಷ ಹೊಸ ಅಟ್ಟಣೆ ಕಟ್ಟುವ ಬದಲು, ಮರವನ್ನು ಮನೆಯಲ್ಲೇ ಅಳತೆಗೆ ಕೊಯ್ದು, ತೂತು ಕೊರೆದು, ಹೊಲದಲ್ಲಿ ಬೋಲ್ಟು ಹಾಕಿ ಜೋಡಿಸಬಹುದು. ಕೊಯ್ಲಾದ ಮೇಲೆ ಬಿಚ್ಚಿಡಬಹುದು.

ಆನೆ ಓಡಾಡುವ ದಾರಿಯಲ್ಲಿ ಮಾತ್ರ ಇದು ಬೇಡವೇ ಬೇಡ. ಎಷ್ಟು ಬಿಗಿದರೂ ಆನೆ ಒಮ್ಮೆ ತಳ್ಳಿದರೆ ನಿಲ್ಲದು. ಅಲ್ಲಿ ಅರಣ್ಯ ಇಲಾಖೆಗೆ ತಿಳಿಸಿ ಮನೆ ಸೇರುವುದೇ ಲೇಸು.

ಮರಕ್ಕಾಗಿ ಕಾಡಿಗೆ ಹೋಗಬೇಕಿಲ್ಲ. ಬದುವಿನ ಸಿಲ್ವರ್ ಓಕ್, ಸರ್ವೆ, ನೀಲಗಿರಿ ಸಾಕು. ತೊಗಟೆ ಸುಲಿದು ನೆರಳಲ್ಲಿ ಒಣಗಿಸಬೇಕು. ಹಸಿ ಮರ ಆಮೇಲೆ ಕುಗ್ಗಿ ಬೋಲ್ಟು ಸಡಿಲವಾಗುತ್ತದೆ. ಹೂಳುವ ಭಾಗಕ್ಕೆ, ನೆಲದಿಂದ ಒಂದು ಗೇಣು ಮೇಲಿನವರೆಗೂ, ಡಾಂಬರು ಬಳಿಯಬೇಕು. ತುಂಡುಗಳಿಗೆ ಉಳಿಯಿಂದ ಅಂಕಿ ಕೆತ್ತಬೇಕು. ಸೀಮೆಸುಣ್ಣದ ಗುರುತು ಒಂದು ಮಳೆಗೂ ನಿಲ್ಲದು.

ಹಲವರು ಎಡವುವುದು ಜೋಡಿಸುವಾಗ. ಕಂಬಗಳು ನಿಂತ ಕೂಡಲೇ ಮಾಡು ಹೊದಿಸುತ್ತಾರೆ. ಮೊದಲು ಮೂಲೆಯಿಂದ ಎದುರು ಮೂಲೆಗೆ ಹಗ್ಗ ಹಿಡಿದು ಅಳೆಯಬೇಕು. ಆರಡಿ ಚೌಕಕ್ಕೆ ಎರಡೂ ಕಡೆ ಸುಮಾರು 8 ಅಡಿ 6 ಅಂಗುಲ ಬರಬೇಕು. ಬಾರದಿದ್ದರೆ ಚೌಕ ಸೊಟ್ಟಗಿದೆ, ಮುಂದಿನ ತೂತುಗಳು ಕೂಡುವುದಿಲ್ಲ. ಸರಿಯಾದ ಮೇಲೆ ನಾಲ್ಕೂ ಮಗ್ಗುಲಿಗೆ ಓರೆಪಟ್ಟಿ ಬಿಗಿದು, ಅನಂತರವೇ ಮಾಡು ಹೊದಿಸಬೇಕು. ಓರೆಪಟ್ಟಿಯಿಲ್ಲದ ಅಟ್ಟಣೆ ಆಷಾಢದ ಗಾಳಿಗೆ ಓಲಾಡಿ ಮಲಗುತ್ತದೆ, ಮೇಲೆ ಮಲಗಿದವನ ಸಮೇತ.

ಬಿಚ್ಚಿದ ಬೋಲ್ಟುಗಳಿಗೆ ಎಣ್ಣೆ ಸವರಿ ಡಬ್ಬಿಯಲ್ಲಿಡಿ.