ಮೈಲುತುತ್ತು, ಸುಣ್ಣ ಮತ್ತು ಮೋಲಿನ ಲೆಕ್ಕ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತರಾದ ನಮಗೆ ರಸಾಯನಶಾಸ್ತ್ರದ ಗೊಡವೆ ಏತಕ್ಕೆ ಎಂದು ತಾವು ಕೇಳಬಹುದು. “ಕಥೆ, ಪದ್ಯಗಳಿಗೆ ಕನ್ನಡ ಸಾಕು, ಮೋಲಿನ ಲೆಕ್ಕ ಬಂದ ಮೇಲೆ ಇಂಗ್ಲಿಷಿನಲ್ಲಿಯೇ ಓದಬೇಕು” ಎಂಬ ಮಾತು ನಮ್ಮ ಕಾಸರಗೋಡಿನ ಕನ್ನಡ ಮನೆಗಳಲ್ಲಿಯೇ ಕಿವಿಗೆ ಬೀಳುತ್ತಿದೆ. ಹೀಗೆಂದು ಮಕ್ಕಳನ್ನು ಕನ್ನಡ ತರಗತಿಯಿಂದ ಬಿಡಿಸಿಕೊಂಡು ಹೋಗುವವರೂ ಇದ್ದಾರೆ. ಮಕ್ಕಳು ಕಡಿಮೆಯಾದರೆ ತರಗತಿಯೇ ಉಳಿಯದು. ಆದುದರಿಂದ ಆ ಲೆಕ್ಕವು ನಿಜವಾಗಿಯೂ ನಮ್ಮ ನುಡಿಗೆ ಮೀರಿದುದೇ ಎಂಬುದನ್ನು ಪರೀಕ್ಷಿಸಿ ನೋಡೋಣ.

ಪ್ರಯೋಗಶಾಲೆಗೆ ಮೊದಲು ಅಡಕೆ ತೋಟಕ್ಕೆ ಹೋಗೋಣ. ಮಹಾಳಿ ತಗಲದಂತೆ ಮಳೆಗಾಲದಲ್ಲಿ ಬಿಡುವ ಮದ್ದನ್ನು ಅರಿಯದವರು ಈ ಸಭೆಯಲ್ಲಿ ಇರಲಾರರು. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳ ರಕ್ಷಣೆಗಾಗಿ ಮಿಲಾರ್ಡೆ ಎಂಬ ವಿದ್ವಾಂಸನು 1885ರಲ್ಲಿ ಪ್ರಕಟಪಡಿಸಿದ ಮದ್ದು ಅದು. ಶೇಕಡಾ ಒಂದರ ದ್ರಾವಣಕ್ಕೆ ಮೈಲುತುತ್ತು 1 ಕಿಲೋಗ್ರಾಂ, ಸುಟ್ಟ ಸುಣ್ಣ 1 ಕಿಲೋಗ್ರಾಂ, ನೀರು 100 ಲೀಟರ್. ತಕ್ಕಡಿಯಲ್ಲಿ ಎರಡೂ ಸರಿಸಮ. ಕ್ರಿಯೆ ನಡೆಯುವುದಾದರೋ ಕಣಗಳ ಎಣಿಕೆಯಿಂದ.

ಕಣ್ಣಿಗೆ ಕಾಣದ ಕಣಗಳನ್ನು ಎಣಿಸುವುದೆಂತು? ತೂಗಿ ಎಣಿಸಬೇಕು. ಡಜನ್ ಎಂದರೆ ಹೇಗೆ ಹನ್ನೆರಡೋ ಹಾಗೆ ಮೋಲ್ ಎಂದರೆ ಒಂದು ನಿಶ್ಚಿತ ಸಂಖ್ಯೆ: 6.022ನ್ನು ಹತ್ತರ 23ನೆಯ ಘಾತದಿಂದ ಗುಣಿಸಿದಷ್ಟು. ಒಂದು ಮೋಲ್ ಮೈಲುತುತ್ತಿನ ತೂಕವನ್ನು ಕೂಡಿಸೋಣ. ತಾಮ್ರ 63.5, ಗಂಧಕ 32, ಆಮ್ಲಜನಕದ ನಾಲ್ಕು ಪರಮಾಣುಗಳಿಗೆ 64, ಹರಳಿನೊಳಗೆ ಅಡಗಿರುವ ಐದು ನೀರಿನ ಅಣುಗಳಿಗೆ 90. ಒಟ್ಟು 249.5 ಗ್ರಾಂ, 250 ಎಂದಿಟ್ಟುಕೊಂಡರೆ ಬಾಧಕವಿಲ್ಲ. ಸುಟ್ಟ ಸುಣ್ಣಕ್ಕೆ 40 ಮತ್ತು 16 ಸೇರಿ 56. ಅಂದಮೇಲೆ ಒಂದು ಕಿಲೋಗ್ರಾಂ ಮೈಲುತುತ್ತಿನಲ್ಲಿ 4 ಮೋಲ್, ಅಷ್ಟೇ ತೂಕದ ಸುಣ್ಣದಲ್ಲಿ ಸುಮಾರು 18 ಮೋಲ್!

ಪಾಠಪುಸ್ತಕದ ಸರಳ ಸಮೀಕರಣದಂತೆ ಇವು ಒಂದಕ್ಕೆ ಒಂದರಂತೆ ಕೂಡುತ್ತವೆ. ಶುದ್ಧವಾದ ಸುಣ್ಣವಾದರೆ 4 ಮೋಲ್, ಎಂದರೆ 224 ಗ್ರಾಂ ಸಾಕು. ಹಾಗಾದರೆ ನಮ್ಮ ಕೃಷಿಕರು ಸುಣ್ಣವನ್ನು ಸುಮ್ಮನೆ ಹಾಳುಮಾಡುತ್ತಿರುವರೇ? ಇಲ್ಲ. ಅಂಗಡಿಯ ಸುಣ್ಣ ಅಪ್ಪಟವಲ್ಲ. ಗಾಳಿಗೆ ಬಿಟ್ಟ ಸುಣ್ಣ ಸತ್ವಗುಂದುತ್ತದೆ. ಕೂಡದೆ ಉಳಿದ ತಾಮ್ರವಾದರೋ ಎಳೆಯ ಹಿಂಗಾರವನ್ನು ಸುಟ್ಟೀತು. ಆದ್ದರಿಂದ ತಾಮ್ರವೇ ಮೊದಲು ತೀರಬೇಕು, ಸುಣ್ಣ ಮಿಗಬೇಕು. ಮೊದಲು ತೀರುವ ವಸ್ತುವೇ ಫಲದ ಮಿತಿಯನ್ನು ಗೊತ್ತುಮಾಡುತ್ತದೆ ಎಂಬ ಪುಸ್ತಕದ ನಿಯಮವಿದೆಯಲ್ಲ, ಅದು ಇದೇ.

ತೋಟದವರು ಮದ್ದಿನಲ್ಲಿ ಕಬ್ಬಿಣದ ಕತ್ತಿಯನ್ನು ಅದ್ದಿ ನೋಡುವುದುಂಟು. ಅಲಗು ಕೆಂಪೇರಿದರೆ ತಾಮ್ರ ಉಳಿದಿದೆ, ಇನ್ನಷ್ಟು ಸುಣ್ಣ ಬೇಕು. ಆ ಕೆಂಪು ತಾಮ್ರವನ್ನೇ ಶಾಲೆಯಲ್ಲಿ ತೂಗಬಹುದು. 25 ಗ್ರಾಂ ಮೈಲುತುತ್ತನ್ನು ನೀರಿನಲ್ಲಿ ಕರಗಿಸಿ ಸಾಕಷ್ಟು ಕಬ್ಬಿಣದ ಮೊಳೆಗಳನ್ನು ಹಾಕಿದರೆ ದೊರೆಯಬೇಕಾದ ತಾಮ್ರ 6.35 ಗ್ರಾಂ. ಉದುರಿಸಿ, ತೊಳೆದು, ಒಣಗಿಸಿ ತೂಗಿದಾಗ ದೊರೆತುದು 5.4 ಗ್ರಾಂ ಎನ್ನೋಣ. ದೊರೆತುದನ್ನು ದೊರೆಯಬೇಕಾದುದರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇಕಡಾ 85. ಮಿಕ್ಕುದು ಸೋಸುವ ಕಾಗದಕ್ಕೆ ಅಂಟಿತು, ತೊಳೆದ ನೀರಿನಲ್ಲಿ ಹೋಯಿತು. 7 ಗ್ರಾಂ ಬಂದಿತೆಂದು ಹಿಗ್ಗುವ ಹುಡುಗನಿಗೆ “ಸರಿಯಾಗಿ ಒಣಗಿಸಿಲ್ಲವಪ್ಪಾ” ಎನ್ನಬೇಕಾದೀತು.

‘ದೊರೆಯಬೇಕಾದ’, ‘ದೊರೆತ’, ‘ಬೇಕಾದ’, ‘ಮಿಕ್ಕ’. ಈ ಕೃದಂತಗಳ ಭೇದವನ್ನು ಬಲ್ಲ ಮಗುವಿಗೆ ಲೆಕ್ಕದ ಅರ್ಧ ದಾರಿ ಸವೆದಂತೆಯೇ ಸರಿ. ಪ್ರಶ್ನೆಯ ವಾಕ್ಯ ತಿಳಿಯದೆ ತಪ್ಪುವವರೇ ಹೆಚ್ಚು; ಗುಣಾಕಾರ, ಭಾಗಾಕಾರಗಳಲ್ಲಿ ತಪ್ಪುವವರು ಸ್ವಲ್ಪ. ಮೋಲ್ ಎಂಬುದಕ್ಕೆ ಬಾಯಿ ತಿರುಗದ ಸಂಸ್ಕೃತಪದವನ್ನು ಹೊಸೆಯುವುದು ಬೇಡ; ಪಂಡಿತರಾದ ನಾವೇ ಹೇಳುತ್ತಿದ್ದೇವೆ. ಮುಂದೆ ಕಾಲೇಜಿನಲ್ಲಿ ಇಂಗ್ಲಿಷ್ ಬೇಕಾಗುವುದನ್ನು ನಾವು ಅಲ್ಲಗಳೆಯುವುದಿಲ್ಲ. ಹತ್ತನೆಯ ತರಗತಿಯಲ್ಲಿಯೇ ಪಾರಿಭಾಷಿಕ ಶಬ್ದಗಳನ್ನು ಎರಡು ನುಡಿಗಳಲ್ಲಿಯೂ ಬರೆಯಿಸತಕ್ಕದ್ದು. ಅದಕ್ಕೆ ಹೆಚ್ಚೆಂದರೆ ಎರಡು ಹಾಳೆಗಳು ಬೇಕಾದಾವು.

ಪೋಷಕರಲ್ಲಿ ನಮ್ಮದೊಂದು ವಿಜ್ಞಾಪನೆ. ಬರುವ ಮಳೆಗಾಲದಲ್ಲಿ ಮದ್ದು ಕಲಸುವಾಗ ಮಕ್ಕಳನ್ನು ತುಸು ದೂರದಲ್ಲಿ ನಿಲ್ಲಿಸಿಕೊಂಡು, ಎಷ್ಟು ಮೋಲ್ ಸುಣ್ಣ ಮಿಕ್ಕೀತೆಂದು ಕನ್ನಡದಲ್ಲಿಯೇ ಕೇಳಿ ನೋಡಿರಿ. ಶಾಲೆ ಬದಲಾಯಿಸುವ ಅರ್ಜಿಯನ್ನು ಬೇಕಾದರೆ ಅದರ ಮರುದಿನ ಬರೆಯಬಹುದು.