ಗುಣಪಟ್ಟಿಯು ಹಣೆಬರಹವೆ?

ಇವನು ಮುಂಗೋಪಿ, ಅವನು ಸಂಕೋಚದವನು, ಆಕೆ ಧೈರ್ಯಶಾಲಿನಿ ಎಂದು ನಾವು ದಿನವೂ ಜನರನ್ನು ಒಂದೊಂದು ಮಾತಿನಲ್ಲಿ ಅಳೆಯುವೆವು. ಈ ರೂಢಿಯನ್ನೇ ಶಾಸ್ತ್ರಕ್ಕೆ ಏರಿಸಿದವರು ಗುಣವಾದಿಗಳು. ೧೯೩೬ರಲ್ಲಿ ಆಲ್‌ಪೋರ್ಟ್ ಮತ್ತು ಓಡ್‌ಬರ್ಟ್ ಎಂಬ ಅಮೆರಿಕದ ವಿದ್ವಾಂಸರು ಇಂಗ್ಲಿಷ್ ನಿಘಂಟನ್ನು ಶೋಧಿಸಿ, ಮನುಷ್ಯನನ್ನು ಬಣ್ಣಿಸುವ ಸುಮಾರು ೧೮,೦೦೦ ಶಬ್ದಗಳನ್ನು ಆಯ್ದರು. ಮುಂದೆ ಕ್ಯಾಟೆಲ್ ಅವರು ಗಣಿತದ ನೆರವಿನಿಂದ ೧೬ ಮೂಲಗುಣಗಳನ್ನು ನಿರ್ಧರಿಸಿದರು. ಅವರ ಬಳಿಕ ಬಂದವರು ಐದೇ ಸಾಕೆಂದರು.

ಈ ಗಣಿತಕ್ಕೆ ಬೀಜ ಹಾಕಿದವರು ಲಂಡನ್ನಿನ ಸ್ಪಿಯರ್‌ಮನ್. ಅವರಲ್ಲಿ ವ್ಯಾಸಂಗ ಮಾಡಿ ಬಂದ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ನೆಲೆಗೊಳಿಸಿದರು. ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ಆಕಾಶವಾಣಿಯನ್ನು ಆರಂಭಿಸಿದವರೂ ಅವರೇ. ಮನಸ್ಸನ್ನು ಅಳೆಯಬಲ್ಲ ಪಂಡಿತರು, ಕೇಳುವ ಮನಸ್ಸುಗಳನ್ನೂ ಮರೆಯಲಿಲ್ಲ.

ಅಳತೆಯ ಮಿತಿಯು ಎಲ್ಲಿರುವುದು? ಬೀದರ ಜಿಲ್ಲೆಯ ಠಾಣಾ ಕುಶನೂರಿನಿಂದ ನಗರದ ಕಾಲೇಜಿಗೆ ಬಂದ ಒಬ್ಬ ವಿದ್ಯಾರ್ಥಿಯನ್ನು ಕಲ್ಪಿಸಿಕೊಳ್ಳೋಣ. ಇಂಗ್ಲಿಷ್ ತರಗತಿಯಲ್ಲಿ ಅವನು ತುಟಿ ಬಿಚ್ಚುವುದಿಲ್ಲ. ಸಂಕೋಚದವನೆಂದು ಅಧ್ಯಾಪಕರು ಬರೆದುಕೊಳ್ಳುತ್ತಾರೆ. ಅದೇ ಹುಡುಗನು ತಂದೆಯ ತೊಗರಿಯ ತೂಕದಲ್ಲಿ ವ್ಯತ್ಯಾಸ ಕಂಡರೆ ಅಡತಿ ಅಂಗಡಿಯವನೊಡನೆ ಕನ್ನಡ, ಮರಾಠಿ, ಉರ್ದು ಮೂರರಲ್ಲಿಯೂ ವಾದಿಸಬಲ್ಲನು. ಬರೆದುಕೊಂಡ ಗುಣವು ಸುಳ್ಳಲ್ಲ; ಆದರೆ ಅದು ಒಂದು ಕೋಣೆಯೊಳಗಿನ ಸತ್ಯ. ಸನ್ನಿವೇಶ ಬದಲಾದರೆ ನಡತೆಯೂ ಬದಲಾಗುವುದೆಂದು ೧೯೬೮ರಲ್ಲಿ ಮಿಶೆಲ್ ಅವರು ಗುಣವಾದಕ್ಕೆ ಎತ್ತಿದ ಆಕ್ಷೇಪವೂ ಇದೇ.

ಮಾನವತಾವಾದಿಗಳ ಪ್ರಶ್ನೆಯೇ ಬೇರೆ. ಇವನು ಎಂಥವನು ಎನ್ನುವುದಕ್ಕಿಂತ, ಇವನು ಏನಾಗಬಲ್ಲನು ಎಂದು ಅವರು ಕೇಳುವರು. ನೆಲಮಾಳಿಗೆಯಲ್ಲಿಟ್ಟ ಆಲೂಗಡ್ಡೆಯೂ ಕಿಂಡಿಯ ಬೆಳಕಿನ ಕಡೆಗೆ ಮೊಳಕೆ ಚಾಚುವುದನ್ನು ಕಾರ್ಲ್ ರಾಜರ್ಸ್ ಬಾಲ್ಯದಲ್ಲಿ ಕಂಡಿದ್ದರು. ಷರತ್ತಿಲ್ಲದ ಆದರವೇ ಮನುಷ್ಯನಿಗೆ ಆ ಬೆಳಕೆಂಬುದು ಅವರ ಮತ. ಹಸಿವು, ಭಯಗಳು ನೀಗಿ, ಪ್ರೀತಿ, ಗೌರವಗಳು ದೊರೆತಂತೆ ಆತ್ಮವಿಕಾಸದ ಹಂಬಲವು ತಲೆಯೆತ್ತುವುದೆಂದು ೧೯೪೩ರಲ್ಲಿ ಮ್ಯಾಸ್ಲೋ ವಿವರಿಸಿದರು.

ಬೆಳಕು ದೊರೆತ ಮೇಲೂ ಒಂದು ಮಾತು ಉಳಿಯುವುದು. ಆ ಹುಡುಗನು ಓದು ಮುಗಿಸಿ ತಂದೆಯ ಹೊಲಕ್ಕೆ ಮರಳಬೇಕೆ, ಹೈದರಾಬಾದಿಗೆ ಹೊರಡಬೇಕೆ? ಇದಕ್ಕೆ ಯಾವ ಪರೀಕ್ಷೆಯೂ ಉತ್ತರ ಹೇಳಲಾರದು. ಆಯ್ಕೆಯೂ ಅದರ ಹೊಣೆಯೂ ಅವನವೇ ಎನ್ನುವರು ಅಸ್ತಿತ್ವವಾದಿಗಳು. ನಾಜಿಗಳ ಸೆರೆಶಿಬಿರಗಳಲ್ಲಿ ನರಳಿ ೧೯೪೫ರಲ್ಲಿ ಬಿಡುಗಡೆ ಹೊಂದಿದ ವಿಯೆನ್ನಾದ ವೈದ್ಯ ಫ್ರಾಂಕಲ್, ಸರ್ವಸ್ವವನ್ನೂ ಕಳೆದುಕೊಂಡವನಿಗೂ ತನ್ನ ದುಃಖವನ್ನು ಎದುರಿಸುವ ಬಗೆಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಉಳಿದಿರುವುದೆಂದು ಸಾರಿದರು. ಆದರೆ ಈ ಮಾತನ್ನು ನೆಪಮಾಡಿಕೊಂಡು, ನೆರವು ಬೇಡುವವನಿಗೆ ಎಲ್ಲವೂ ನಿನ್ನ ಹೊಣೆಯೆಂದು ಕೈಕೊಡವುವುದು ಸಲ್ಲದು.

ಆದುದರಿಂದ ಈ ಮೂರು ಮತಗಳನ್ನು ಪರಸ್ಪರ ವೈರಿಗಳೆಂದು ಭಾವಿಸಬೇಕಾಗಿಲ್ಲ. ಮನುಷ್ಯನು ಇಂದು ನಿಂತಿರುವ ಎಡೆಯನ್ನು ಗುಣವಾದವು ತೋರಿಸುವುದು. ಅವನಿಗೆ ನಾವು ಸಲ್ಲಿಸಬೇಕಾದುದನ್ನು ಮಾನವತಾವಾದವು ನೆನಪಿಸುವುದು. ಅವನ ಪರವಾಗಿ ನಾವು ನಿರ್ಧರಿಸಬಾರದುದನ್ನು ಅಸ್ತಿತ್ವವಾದವು ಕಾಯುವುದು. ತಾಯಿತಂದೆಗಳೂ ಅಧ್ಯಾಪಕರೂ ಮಕ್ಕಳ ಗುಣವನ್ನು ಗುರುತಿಸಲಿ. ಗುರುತಿಸಿದ್ದನ್ನು ಅವರ ಹಣೆಯ ಮೇಲೆ ಬರೆಯದಿರಲಿ.